ಲ್ಯಾಪ್‌ಟಾಪ್ ರಿಪೇರಿಯಾಯಿತು, ಕಡತಗಳು?

ಲ್ಯಾಪ್‌ಟಾಪನ್ನು ರಿಪೇರಿಗೆ ಕೊಟ್ಟಾಗ ಸಿಗುವ ರಸೀದಿಯ ಅಡಿಯಲ್ಲಿ, ಹೆಚ್ಚಿನವರು ಓದದೆ ಸಹಿ ಮಾಡುವ ಜಾಗದಲ್ಲಿ, ಒಂದು ಸಾಲು ಇರುತ್ತದೆ: ಯಂತ್ರದಲ್ಲಿರುವ ಡೇಟಾಗೆ ನಾವು ಜವಾಬ್ದಾರರಲ್ಲ. ಈ ಸಾಲನ್ನು ಕಂಡು ಸಿಡಿಮಿಡಿಗೊಳ್ಳುವವರನ್ನು ಬಹಳ ನೋಡಿದ್ದೇನೆ. ನನಗೆ ಮಾತ್ರ ಇಡೀ ರಸೀದಿಯಲ್ಲಿ ಅತ್ಯಂತ ಪ್ರಾಮಾಣಿಕವಾದ ಸಾಲು ಅದೇ ಅನ್ನಿಸುತ್ತದೆ. ರಿಪೇರಿ ಮಾಡುವವರ ಕೆಲಸ ಯಂತ್ರವನ್ನು ಮತ್ತೆ ಓಡಿಸುವುದು. ಒಳಗಿನ ಡಿಸ್ಕ್ ಕೈಕೊಟ್ಟಿದ್ದರೆ ಅದಕ್ಕೆ ಅತಿ ಹತ್ತಿರದ ದಾರಿಯೆಂದರೆ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿ ವಿಂಡೋಸ್ ಹಾಕಿಕೊಡುವುದು, ಅಥವಾ ಡಿಸ್ಕಿನಲ್ಲಿ ಇನ್ನೂ ಸ್ವಲ್ಪ ಜೀವವಿದ್ದರೆ ಅದನ್ನೇ ಫಾರ್ಮ್ಯಾಟ್ ಮಾಡಿ ನೋಡುವುದು. ರಿಪೇರಿಯ ದೃಷ್ಟಿಯಿಂದ ಇವೆರಡೂ ಸರಿಯಾದ ಕೆಲಸಗಳೇ. ಆದರೆ ಮೇಜಿನ ಈಚೆ ನಿಂತವರಿಗೆ ಬೇಕಾದದ್ದು ಯಂತ್ರವಲ್ಲ, ಅದರೊಳಗೆ ವರ್ಷಗಳಿಂದ ಸೇರಿಕೊಂಡು ಬಂದ ಕಡತಗಳು. ಯಂತ್ರ ಉಳಿಸುವುದು, ಕಡತ ಉಳಿಸುವುದು ಇವೆರಡೂ ಒಂದೇ ಸ್ಕ್ರೂಡ್ರೈವರಿನಿಂದ ಶುರುವಾಗುವುದರಿಂದ ಒಂದೇ ಕೆಲಸದಂತೆ ಕಾಣುತ್ತವೆ. ಮೊದಲ ಹತ್ತು ನಿಮಿಷ ಕಳೆದ ಮೇಲೆ ಅವು ಎದುರುಬದುರು ದಿಕ್ಕಿಗೆ ಹೊರಡುತ್ತವೆ. ಒಂದರಲ್ಲಿ ಡಿಸ್ಕಿಗೆ ಏನಾದರೂ ಬರೆದು ಅದನ್ನು ದಾರಿಗೆ ತರಬೇಕು, ಇನ್ನೊಂದರಲ್ಲಿ ಡಿಸ್ಕಿಗೆ ಒಂದಕ್ಷರವನ್ನೂ ಬರೆಯಕೂಡದು.

ಮನೆಯವರ, ನೆಂಟರ, ನೆರೆಯವರ ಕಂಪ್ಯೂಟರುಗಳು ಕೆಟ್ಟಾಗ ಮೊದಲ ಫೋನು ಬರುವುದು ನನಗೆ. ಹೀಗಾಗಿ ‘ಡಿಸ್ಕ್ ಡಿಟೆಕ್ಟ್ ಆಗ್ತಿಲ್ಲವಂತೆ’ ಎಂಬ ಮಾತನ್ನು ಬೇರೆ ಬೇರೆ ದನಿಗಳಲ್ಲಿ ಕೇಳಿದ್ದೇನೆ. ಆ ಮಾತನ್ನು ಹೇಳುವವರೆಲ್ಲರ ಮನಸ್ಸಿನಲ್ಲೂ ಡೇಟಾ ಹೋಯಿತು ಎಂಬ ತೀರ್ಮಾನ ಆಗಲೇ ಆಗಿಬಿಟ್ಟಿರುತ್ತದೆ. ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ನಡುವೆ ಎಷ್ಟು ಮೆಟ್ಟಿಲುಗಳಿವೆ ಎನ್ನುವುದು ಆ ಗಾಬರಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಯಾರಿಗೆ ಕಾಣುತ್ತಿಲ್ಲ?

ನಾನು ಮೊದಲು ಕೇಳುವ ಪ್ರಶ್ನೆ ಇದು. ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲು ಎದ್ದು ಯಂತ್ರವನ್ನು ಎಬ್ಬಿಸುವ ಒಳಗಿನ ತಂತ್ರಾಂಶಕ್ಕೆ) ಕಾಣುತ್ತಿಲ್ಲವೋ, ವಿಂಡೋಸ್‌ಗೆ ಕಾಣುತ್ತಿಲ್ಲವೋ, ಅಥವಾ ವಿಂಡೋಸ್‌ಗೆ ಕಂಡೂ ನಿಮಗೆ ಕಾಣುತ್ತಿಲ್ಲವೋ? ಯಂತ್ರ ಆನ್ ಮಾಡಿದ ಕೂಡಲೇ ಎಫ್2 ಅಥವಾ ಡಿಲೀಟ್ ಕೀಲಿ ಒತ್ತಿ ಬಯೋಸ್ ಪುಟಕ್ಕೆ ಹೋದರೆ ಅಲ್ಲಿ ಡಿಸ್ಕಿನ ಮಾದರಿಯ ಹೆಸರು ಇರಬೇಕು. ಹೆಸರಿದ್ದರೆ ಡಿಸ್ಕಿನ ಒಳಗಿನ ಚಿಕ್ಕ ಕಂಪ್ಯೂಟರು ಎದ್ದು ತನ್ನ ಪರಿಚಯ ಹೇಳಿಕೊಂಡಿದೆ ಎಂದು ಅರ್ಥ. ಅದೊಂದೇ ಸಂಗತಿ ಅರ್ಧ ಭಯವನ್ನು ಕಳೆಯಬೇಕು. ಹೆಸರಿಲ್ಲದಿದ್ದರೆ ಕೇಬಲ್ಲು, ಕನೆಕ್ಟರು, ಡಿಸ್ಕಿನ ಸರ್ಕ್ಯೂಟ್ ಬೋರ್ಡು, ಕಡೆಗೆ ಡಿಸ್ಕಿನ ಒಳಭಾಗ, ಈ ಕ್ರಮದಲ್ಲಿ ಅನುಮಾನ ಸಾಗಬೇಕು. ಬಯೋಸ್‌ನಲ್ಲಿ ಹೆಸರಿದ್ದು, ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ‘ರಾ’ ಎಂದೋ ‘ಅನ್‌ಅಲೊಕೇಟೆಡ್’ ಎಂದೋ ತೋರಿಸಿದರೆ ತೊಂದರೆ ಇರುವುದು ವಿಭಾಗಗಳ ಪಟ್ಟಿಯಲ್ಲಿ ಅಥವಾ ಕಡತ ವ್ಯವಸ್ಥೆಯಲ್ಲಿ. ಈ ಹಂತದಲ್ಲಿಯೇ ವಿಂಡೋಸ್ ಬಹಳ ಸೌಜನ್ಯದಿಂದ ‘ಈ ಡಿಸ್ಕನ್ನು ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಕೇಳುತ್ತದೆ. ನನ್ನ ಅಂದಾಜಿನಲ್ಲಿ ಮನೆಗಳಲ್ಲಿ ಕಳೆದುಹೋದ ಫೋಟೊಗಳಲ್ಲಿ ದೊಡ್ಡ ಪಾಲು ಡಿಸ್ಕ್ ಸತ್ತು ಹೋದದ್ದಲ್ಲ, ಆ ಪ್ರಶ್ನೆಗೆ ಹೂಂ ಅಂದು ಹೋದದ್ದು.

ನಡುವೆ ಇನ್ನೊಂದು ಮೆಟ್ಟಿಲಿದೆ, ಅದು ಈಚಿನ ವರ್ಷಗಳದು. ನಮ್ಮ ಎದುರುಮನೆಯ ಹುಡುಗಿ ಎಂಜಿನಿಯರಿಂಗ್ ಕೊನೆಯ ಸೆಮಿಸ್ಟರಿನಲ್ಲಿದ್ದಾಗ ಅವಳ ಲ್ಯಾಪ್‌ಟಾಪು ಒಂದು ಅಪ್‌ಡೇಟಿನ ನಡುವೆ ನಿಂತು, ಮತ್ತೆ ವಿಂಡೋಸ್‌ವರೆಗೆ ಹೋಗಲೇ ಇಲ್ಲ. ಗೆಳತಿಯೊಬ್ಬಳು ಪೆನ್‌ಡ್ರೈವಿನಲ್ಲಿ ವಿಂಡೋಸ್ ತಂದು ಹಾಕಲು ನೋಡಿದರೆ, ಎಲ್ಲಿ ಹಾಕಲಿ ಎಂದು ಕೇಳುವ ಪುಟದಲ್ಲಿ ಡಿಸ್ಕುಗಳ ಪಟ್ಟಿ ಖಾಲಿ. ಅಂಗಡಿಯಲ್ಲಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವ ಡಿಸ್ಕು) ಹೋಗಿದೆ, ಬದಲಾಯಿಸಬೇಕು ಎಂದರು. ವಾರಂಟಿಯಲ್ಲಿದ್ದುದರಿಂದ ಸರ್ವಿಸ್ ಸೆಂಟರಿನಲ್ಲಿ ಹೊಸದನ್ನು ಉಚಿತವಾಗಿ ಹಾಕಿಕೊಡುತ್ತಾರೆ, ಆದರೆ ಹಳೆಯದನ್ನು ಅವರೇ ಇಟ್ಟುಕೊಳ್ಳುತ್ತಾರೆ ಎಂದು ತಿಳಿದ ಮೇಲೆ ಅವಳು ನನ್ನ ಹತ್ತಿರ ಬಂದದ್ದು. ಪ್ರಾಜೆಕ್ಟ್ ವರದಿಯೂ ಅದರ ಕೋಡೂ ಪೂರ್ತಿ ಅದರಲ್ಲಿತ್ತು. ಬಯೋಸ್ ತೆಗೆದು ತೋರಿಸಿದೆ. ಎಸ್‌ಎಸ್‌ಡಿಯ ಹೆಸರು, 512 ಜಿಬಿ ಎಂಬ ಅಳತೆ ಎಲ್ಲವೂ ಅಲ್ಲಿ ಸರಿಯಾಗಿಯೇ ಇತ್ತು. “ಅಂಕಲ್, ಇಲ್ಲಿ ಇದೆಯಲ್ಲ, ಮತ್ತೆ ಅಂಗಡಿಯವರು ಹೋಗಿದೆ ಅಂದಿದ್ದು ಯಾಕೆ?” ಎಂದಳು.

ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ತಮ್ಮ ಪೆನ್‌ಡ್ರೈವಿಗೆ ಕಂಡದ್ದನ್ನು ಹೇಳಿದ್ದರು. ಇಂಟೆಲ್‌ನ ಹನ್ನೊಂದನೆಯ ಪೀಳಿಗೆಯ ಪ್ರೊಸೆಸರುಗಳಿಂದೀಚೆಗೆ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಕಾರ್ಖಾನೆಯಿಂದಲೇ ಚಾಲೂ ಆಗಿ ಬರುತ್ತದೆ. ಅದು ಎಸ್‌ಎಸ್‌ಡಿಯನ್ನು ನೇರವಾಗಿ ತೋರಿಸದೆ ತನ್ನ ಹಿಂದೆ ಇಟ್ಟುಕೊಳ್ಳುತ್ತದೆ, ಅದರ ಜೊತೆ ಮಾತಾಡಲು ಇಂಟೆಲ್‌ನದೇ ಡ್ರೈವರ್ ಬೇಕು. ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸ್‌ನಲ್ಲಿ ಆ ಡ್ರೈವರ್ ಇರುತ್ತದೆ, ಪೆನ್‌ಡ್ರೈವಿನ ಸಾದಾ ವಿಂಡೋಸ್‌ನಲ್ಲಿ ಅನೇಕ ವೇಳೆ ಇರುವುದಿಲ್ಲ. ಲ್ಯಾಪ್‌ಟಾಪ್ ತಯಾರಕರ ಪುಟದಿಂದ ಆ ಡ್ರೈವರನ್ನು ಇಳಿಸಿಕೊಂಡು, ಅದೇ ಖಾಲಿ ಪಟ್ಟಿಯ ಪುಟದಲ್ಲಿರುವ ‘ಲೋಡ್ ಡ್ರೈವರ್’ ಒತ್ತಿದರೆ ಡಿಸ್ಕ್ ಪ್ರತ್ಯಕ್ಷವಾಗುತ್ತದೆ. ಬಯೋಸ್‌ನಲ್ಲಿ ವಿಎಂಡಿಯನ್ನೇ ಆರಿಸಿಬಿಡಿ ಎಂಬ ಸಲಹೆಯೂ ಎಲ್ಲ ಕಡೆ ಸಿಗುತ್ತದೆ. ಹೊಸದಾಗಿ ವಿಂಡೋಸ್ ಹಾಕುವವರಿಗೆ ಅದು ಸಲೀಸು; ಆದರೆ ಹಳೆಯ ವಿಂಡೋಸ್ ಹಾಗೆಯೇ ಏಳಬೇಕೆಂದಿದ್ದರೆ ಈ ಬದಲಾವಣೆಯಿಂದಲೇ ಅದು ನೀಲಿ ಪರದೆಯಲ್ಲಿ ನಿಂತುಬಿಡಬಹುದು. ನಮಗೆ ಎರಡೂ ಬೇಕಿರಲಿಲ್ಲ. ವಿಂಡೋಸ್‌ನ ಬದಲು ಬಳಸಬಹುದಾದ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಇದ್ದ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದೆವು. ಲಿನಕ್ಸ್ ಕರ್ನೆಲ್ಲಿನಲ್ಲಿ ವಿಎಂಡಿ ಡ್ರೈವರ್ ಒಳಗೇ ಇರುವುದರಿಂದ ಎಸ್‌ಎಸ್‌ಡಿ ತಾನಾಗಿ ಕಾಣಿಸಿಕೊಂಡಿತು. ಆದರೆ ತೆರೆಯಲು ಹೋದರೆ ಬೀಗ.

“ನಾನು ಯಾವ ಲಾಕೂ ಹಾಕಿಲ್ಲ ಅಂಕಲ್.” ನಿಜ, ಅವಳು ಹಾಕಿರಲಿಲ್ಲ. ಈಚಿನ ಲ್ಯಾಪ್‌ಟಾಪುಗಳಲ್ಲಿ ಮೊದಲ ಬಾರಿ ಮೈಕ್ರೊಸಾಫ್ಟ್ ಖಾತೆಯಿಂದ ಒಳಹೊಕ್ಕಾಗ ಡಿಸ್ಕಿನ ಗೂಢಲಿಪೀಕರಣ ಬಳಕೆದಾರರನ್ನು ಕೇಳದೆಯೇ ಶುರುವಾಗಿರುತ್ತದೆ, ಅದನ್ನು ಬಿಡಿಸುವ 48 ಅಂಕಿಗಳ ಕೀಲಿ ಆ ಖಾತೆಯಲ್ಲಿ ಹೋಗಿ ಕೂರುತ್ತದೆ. ಅವಳ ಖಾತೆಯಲ್ಲಿ ಹುಡುಕಿದರೆ ಏನೂ ಇಲ್ಲ. ಆಮೇಲೆ ನೆನಪಾದದ್ದು, ಲ್ಯಾಪ್‌ಟಾಪನ್ನು ಕೊಂಡು ತಂದು ಸಿದ್ಧಮಾಡಿಕೊಟ್ಟವನು ಹುಬ್ಬಳ್ಳಿಯಲ್ಲಿರುವ ಅವಳ ಅಣ್ಣ ಎಂದು. ಅವನ ಖಾತೆಯಲ್ಲಿ ಕೀಲಿ ಇತ್ತು, ವಾಟ್ಸಾಪಿನಲ್ಲಿ ಅದರ ಚಿತ್ರ ಬಂತು, ಆರಾರು ಅಂಕಿಗಳ ಎಂಟು ಗುಂಪುಗಳನ್ನು ಅವಳೇ ಓದಿ ಓದಿ ಹೇಳಿದಳು, ನಾನು ಕ್ರಿಪ್ಟ್‌ಸೆಟಪ್ ಎಂಬ ಸಲಕರಣೆಗೆ ಕುಟ್ಟಿದೆ. ಕಡತಗಳೆಲ್ಲ ಇದ್ದಲ್ಲೇ ಇದ್ದವು. ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡ ಮೇಲೆ ಅದೇ ಎಸ್‌ಎಸ್‌ಡಿಯ ಮೇಲೆ ವಿಂಡೋಸ್ ಹೊಸದಾಗಿ ಹಾಕಿದೆವು, ಅದು ಈಗಲೂ ನಡೆಯುತ್ತಿದೆ. ಮನೆಯಲ್ಲಿ ಯಾರ ಹೆಸರಿನಲ್ಲಿ ಯಾವ ಲ್ಯಾಪ್‌ಟಾಪು ಮೊದಲು ತೆರೆಯಲ್ಪಟ್ಟಿತು ಎಂಬುದು ಇಂಥ ದಿನ ಬರುವವರೆಗೆ ಯಾರೂ ಲೆಕ್ಕಕ್ಕೆ ಹಿಡಿಯದ ವಿಷಯ. ಆ ಅಣ್ಣ ತನ್ನ ಹಳೆಯ ಖಾತೆಯನ್ನು ಮುಚ್ಚಿಬಿಟ್ಟಿದ್ದರೆ, ಒಂದು ಕಲೆಯೂ ಇಲ್ಲದ ಆ ಎಸ್‌ಎಸ್‌ಡಿಯಿಂದ ಯಾವ ಪರಿಣತನೂ ಏನನ್ನೂ ತೆಗೆಯಲಾಗುತ್ತಿರಲಿಲ್ಲ.

ಸಾಗರದಿಂದ ಬಂದ ಡಿಸ್ಕ್

ಇನ್ನೊಂದು ಪ್ರಸಂಗ ಇಷ್ಟು ಸಲೀಸಾಗಿರಲಿಲ್ಲ. ನನ್ನ ಸೋದರಮಾವ ಸಾಗರದ ಕಡೆಯವರು, ಹೈಸ್ಕೂಲು ಮೇಷ್ಟರಾಗಿ ನಿವೃತ್ತರಾದವರು. ಕೆಳದಿ, ಇಕ್ಕೇರಿಯ ಸುತ್ತಮುತ್ತ ತೋಟದ ಅಂಚುಗಳಲ್ಲಿ, ಕೆರೆ ಏರಿಗಳ ಮೇಲೆ ನಿಂತಿರುವ ವೀರಗಲ್ಲು, ಮಾಸ್ತಿಕಲ್ಲುಗಳ ಫೋಟೊ ತೆಗೆದು ಒಂದೊಂದರ ಬಗ್ಗೆಯೂ ಟಿಪ್ಪಣಿ ಬರೆದಿಡುವುದು ಅವರ ಹವ್ಯಾಸ. ಕೆಲವು ಕಲ್ಲುಗಳು ರಸ್ತೆ ಅಗಲವಾಗುವಾಗ ಜಾಗ ಬಿಟ್ಟು ಹೋಗಿವೆ, ಅವು ಈಗ ಎಲ್ಲಿವೆಯೋ ಊರಿನವರಿಗೂ ಗೊತ್ತಿಲ್ಲ. ಇದೆಲ್ಲ ಇದ್ದದ್ದು ಹಳೆಯದೊಂದು ಲ್ಯಾಪ್‌ಟಾಪಿನ 1 ಟಿಬಿ ಹಾರ್ಡ್‌ಡಿಸ್ಕಿನಲ್ಲಿ, ತಟ್ಟೆ ತಿರುಗುವ ಕಾಲದ ಡಿಸ್ಕು. ಅದರ ಬ್ಯಾಟರಿ ಎಂದೋ ಸತ್ತಿತ್ತು, ಸದಾ ಕರೆಂಟಿಗೆ ಸಿಕ್ಕಿಸಿಯೇ ಬಳಸುತ್ತಿದ್ದರು. ಬ್ಯಾಟರಿ ಸತ್ತ ಲ್ಯಾಪ್‌ಟಾಪಿಗೆ ಮಳೆಗಾಲದ ಮಲೆನಾಡಿನಲ್ಲಿ ಏನಾಗುತ್ತದೆ ಎಂದು ಆ ಕಡೆಯವರಿಗೆ ಹೇಳಬೇಕಿಲ್ಲ. ಕರೆಂಟು ಹೋದಾಗಲೆಲ್ಲ ಡಿಸ್ಕ್ ಬರೆಯುತ್ತಿದ್ದುದನ್ನು ಅಲ್ಲಿಗೇ ಬಿಟ್ಟು, ತಿರುಗುವ ತಟ್ಟೆಯಲ್ಲಿ ಉಳಿದ ಚಲನಶಕ್ತಿಯಿಂದ ತನ್ನ ಓದುವ ತಲೆಯನ್ನು ಅವಸರದಲ್ಲಿ ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಇದಕ್ಕಾಗಿಯೇ ಅದನ್ನು ರೂಪಿಸಿರುತ್ತಾರೆ, ನಿಜ. ಆದರೆ ಪದೇ ಪದೇ ಹೀಗಾದರೆ ಸವೆಯುತ್ತದೆ.

ಒಂದು ಬೆಳಿಗ್ಗೆ ಕಪ್ಪು ಪರದೆಯ ಮೇಲೆ ‘ಬೂಟ್ ಡಿವೈಸ್ ಇಲ್ಲ’ ಎಂಬ ಸಾಲು ಬಂತು. ಪೇಟೆಯ ಅಂಗಡಿಯ ಹುಡುಗ, “ಸಾರ್, ಡಿಸ್ಕ್ ಡಿಟೆಕ್ಟ್ ಆಗ್ತಿಲ್ಲ, ಎಸ್‌ಎಸ್‌ಡಿ ಹಾಕಿಬಿಡ್ತೀನಿ, ಸಂಜೆಗೆ ರೆಡಿ” ಎಂದನಂತೆ. ಮಾವ ಒಪ್ಪಿದರು, ಆದರೆ ಹಳೆಯ ಡಿಸ್ಕನ್ನು ಏನೂ ಮಾಡದೆ ವಾಪಸು ಕೊಡಬೇಕೆಂದು ಮೊದಲೇ ಹೇಳಿದರು. ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳುವ ತಾಂತ್ರಿಕ ನಿರ್ಧಾರ ಇದೇ, ಮತ್ತು ಅದನ್ನು ತೆಗೆದುಕೊಂಡವರಿಗೆ ಡಿಸ್ಕಿನ ಬಗ್ಗೆ ಏನೇನೂ ಗೊತ್ತಿರಲಿಲ್ಲ. ಹುಡುಗನೂ ಮಾತಿನಂತೆ ನಡೆದುಕೊಂಡ. ನಾನು ಹೋದಾಗ ಮಾವ ಅದನ್ನು ಪೆಟ್ಟಿಗೆಯಿಂದ ತೆಗೆದು ಕೈಯಲ್ಲಿಟ್ಟು, “ಲ್ಯಾಪ್‌ಟಾಪ್ ಈಗ ಓಡ್ತಾ ಇದೆ ಮಾರಾಯ, ಮೊದಲಿಗಿಂತ ಜೋರಾಗೇ ಓಡ್ತಾ ಇದೆ. ಆದ್ರೆ ನನ್ನ ಕಲ್ಲುಗಳೆಲ್ಲ ಇದರಲ್ಲೇ ಇದಾವಲ್ಲ” ಎಂದರು.

ಸಾಗರದಲ್ಲೇ ಅದನ್ನು ಯಾವುದಾದರೂ ಕಂಪ್ಯೂಟರಿಗೆ ಸಿಕ್ಕಿಸಿ ನೋಡುವ ಆಸೆಯಾಯಿತು, ಮನೆಯವರ ಒತ್ತಾಯವೂ ಇತ್ತು. ಬೇಡ ಎಂದೆ. ಸಾಯುತ್ತಿರುವ ಡಿಸ್ಕಿನಲ್ಲಿ ಎಷ್ಟು ಹೊತ್ತಿನ ಓದು ಉಳಿದಿದೆ ಎಂದು ಯಾರಿಗೂ ತಿಳಿಯದು. ‘ಸುಮ್ಮನೆ ಒಮ್ಮೆ ನೋಡೋಣ’ ಎಂಬುದೂ ಆ ಲೆಕ್ಕದಿಂದಲೇ ಕಳೆಯುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದಂತೆ ಎಂಬ ಸಲಹೆಯೂ ಅಲ್ಲಿ ಬಂತು. ಒಂದು ಕಾಲದ ಕೆಲವು ಡಿಸ್ಕುಗಳಿಗೆ ಚಳಿಯಿಂದ ಕ್ಷಣಕಾಲ ಉಪಯೋಗವಾಗಿದ್ದಿರಬಹುದು, ಆದರೆ ಇಂದಿನ ಡಿಸ್ಕಿನಲ್ಲಿ ಓದುವ ತಲೆ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ಜುಲೈ ತಿಂಗಳ ಸಾಗರದ ಗಾಳಿಯಲ್ಲಿ ತಣ್ಣಗಿನ ಲೋಹವನ್ನು ಹೊರತೆಗೆದರೆ ಅದರ ಮೇಲೆ ಕೂರುವ ನೀರಿನ ಪಸೆಗೆ ಅಷ್ಟು ಜಾಗ ಧಾರಾಳವಾಯಿತು. ಮುಚ್ಚಳ ಬಿಚ್ಚಿ ನೋಡುವವರ ವೀಡಿಯೊಗಳ ಬಗ್ಗೆಯೂ ಇದೇ ಮಾತು. ಇನ್ನು, ಅದೇ ಮಾದರಿಯ ಬೇರೊಂದು ಡಿಸ್ಕಿನ ಸರ್ಕ್ಯೂಟ್ ಬೋರ್ಡನ್ನು ಬದಲಾಯಿಸುವ ಉಪಾಯ ಇಪ್ಪತ್ತು ವರ್ಷದ ಹಿಂದೆ ನಡೆಯುತ್ತಿತ್ತು. ಈಗ ಪ್ರತಿ ಡಿಸ್ಕಿನ ತಲೆ, ತಟ್ಟೆಗಳಿಗೆ ಕಾರ್ಖಾನೆಯಲ್ಲಿ ಹೊಂದಿಸಿದ ಅಳತೆಗಳು ಆ ಬೋರ್ಡಿನ ಪುಟ್ಟ ಚಿಪ್ಪಿನಲ್ಲಿರುತ್ತವೆ. ಆ ಚಿಪ್ಪನ್ನೂ ಕಿತ್ತು ಹೊಸ ಬೋರ್ಡಿಗೆ ಬೆಸುಗೆ ಹಾಕದ ಹೊರತು ಏನೂ ಆಗದು.

ಬೆಂಗಳೂರಿಗೆ ತಂದು ಮೊದಲು ಮಾಡಿದ್ದು ಕಿವಿಗೊಡುವುದು. ಡಿಸ್ಕ್ ಒಂದೇ ಲಯದಲ್ಲಿ ತಿರುಗಲು ಶುರುಮಾಡಿತು. ಟಕ್ ಟಕ್ ಎಂದು ತಲೆ ಬಡಿದುಕೊಳ್ಳುವ ಸದ್ದು ಇರಲಿಲ್ಲ. ಆ ಸದ್ದು ಇದ್ದಿದ್ದರೆ ಅಲ್ಲಿಗೇ ವಿದ್ಯುತ್ ತಪ್ಪಿಸಿ ಲ್ಯಾಬಿನ ದಾರಿ ಹಿಡಿಯಬೇಕಿತ್ತು. ಮನೆಯ ಡೆಸ್ಕ್‌ಟಾಪಿನ ಸಾಟಾ ಕಿಂಡಿಗೆ ನೇರವಾಗಿ ಜೋಡಿಸಿದೆ. ಎಸ್‌ಪಿ ರಸ್ತೆಯಲ್ಲಿ ಸಿಗುವ ಯುಎಸ್‌ಬಿ ಪೆಟ್ಟಿಗೆಗಳು ಸುಸ್ಥಿತಿಯ ಡಿಸ್ಕಿಗೆ ಸಾಕು. ಆದರೆ ಡಿಸ್ಕ್ ಓದಲಾಗದೆ ಒದ್ದಾಡುವಾಗ ಅವುಗಳೊಳಗಿನ ಸೇತುವೆ ಚಿಪ್ಪು ಆ ಒದ್ದಾಟದ ವಿವರವನ್ನು ಹೊರಗೆ ಬಿಡದೆ ಸಂಪರ್ಕವನ್ನೇ ಕಡಿದುಬಿಡುತ್ತದೆ. ಇಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್ ಹಿಡಿದದ್ದಕ್ಕೂ ಕಾರಣವಿದೆ. ಡಿಸ್ಕ್ ಕಂಡ ತಕ್ಷಣ ವಿಂಡೋಸ್ ಅದನ್ನು ತೆರೆದು, ಸೂಚಿ ಮಾಡಿ, ಅಲ್ಲಿ ಇಲ್ಲಿ ಬರೆದು ಉಪಚರಿಸತೊಡಗುತ್ತದೆ. ಲಿನಕ್ಸ್‌ನಲ್ಲಿ ಡಿಸ್ಕ್ ತಾನಾಗಿ ತೆರೆದುಕೊಳ್ಳುವುದನ್ನು (ಮೌಂಟ್ ಆಗುವುದನ್ನು) ನಿಲ್ಲಿಸಿ ಕೂತೆ. ಬಹಳ ಹೊತ್ತು ಯೋಚಿಸಿ ಡಿಸ್ಕ್ ತನ್ನ ಹೆಸರು, ಅಳತೆ ಹೇಳಿತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿಯ 197ನೆಯ ಅಂಶ, ಎಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ (ಡಿಸ್ಕ್ ಮಾಹಿತಿ ಇಡುವ ಪುಟ್ಟ ಖಾನೆಗಳ) ಲೆಕ್ಕ, ಸೊನ್ನೆ ಇರಬೇಕಾದಲ್ಲಿ ಮೂರಂಕಿ ದಾಟಿತ್ತು. ಸಾಗರದಲ್ಲಿ ಬಯೋಸ್‌ಗೆ ಅದು ಏಕೆ ಕಾಣಲಿಲ್ಲ ಎನ್ನುವುದೂ ಆಗ ಸ್ಪಷ್ಟವಾಯಿತು. ಬಯೋಸ್ ಕಾಯುವಷ್ಟು ಹೊತ್ತಿನಲ್ಲಿ ಆ ಡಿಸ್ಕಿಗೆ ಉತ್ತರ ಕೊಡಲು ಆಗುತ್ತಿರಲಿಲ್ಲ, ಅಷ್ಟೆ. ಲ್ಯಾಪ್‌ಟಾಪಿನೊಳಗಿನ ಪಟ್ಟಿಕೇಬಲ್ಲಿನ ತುದಿಗಳು ಕಪ್ಪಾಗಿದ್ದುದೂ ಸ್ವಲ್ಪ ಪಾಲು ಪಡೆದಿರಬಹುದು.

ಮೊದಲು ನಕಲು

ಇಲ್ಲಿಂದ ಮುಂದೆ ರಿಪೇರಿಯ ಬುದ್ಧಿ ಮತ್ತು ರಕ್ಷಣೆಯ ಬುದ್ಧಿ ಬೇರೆಯಾಗುತ್ತವೆ. ರಿಪೇರಿಯ ಬುದ್ಧಿ ವಿಂಡೋಸಿನದೇ ತಪಾಸಣೆ ಸಲಕರಣೆಯಾದ ಚೆಕ್‌ಡಿಸ್ಕ್ ಓಡಿಸಿ ಎನ್ನುತ್ತದೆ. ಚೆಕ್‌ಡಿಸ್ಕ್‌ನ ಗುರಿ ಕಡತ ವ್ಯವಸ್ಥೆಯ ಲೆಕ್ಕ ತಾಳೆಯಾಗುವಂತೆ ಮಾಡುವುದು. ತಾಳೆಯಾಗದ ದಾಖಲೆಯನ್ನು ಹೊಡೆದು ಹಾಕಿದರೂ ಲೆಕ್ಕ ತಾಳೆಯಾಗುತ್ತದೆ. ಓದಲಾಗದ ಸೆಕ್ಟರಿನಲ್ಲಿ ಒಂದು ಫೋಲ್ಡರಿನ ದಾಖಲೆ ಇದ್ದರೆ, ಆ ಫೋಲ್ಡರು ಇರಲೇ ಇಲ್ಲವೆಂಬಂತೆ ಅದು ಪುಸ್ತಕ ಮುಚ್ಚುತ್ತದೆ. ಆದ್ದರಿಂದ ಮೊದಲು ಇಡೀ ಡಿಸ್ಕನ್ನು, ಖಾಲಿ ಜಾಗವನ್ನೂ ಸೇರಿಸಿ, ಸೆಕ್ಟರ್ ಸೆಕ್ಟರ್ ಆಗಿ ಇನ್ನೊಂದು ಆರೋಗ್ಯವಂತ ಡಿಸ್ಕಿನಲ್ಲಿ ಒಂದೇ ದೊಡ್ಡ ಕಡತವಾಗಿ ಇಳಿಸಿಕೊಳ್ಳಬೇಕು. ಆಮೇಲಿನ ಸಾಹಸಗಳೆಲ್ಲ ಆ ಪ್ರತಿಯ ಮೇಲೆ.

ಇದಕ್ಕಾಗಿ ಇರುವ ಸಲಕರಣೆ ಗ್ನೂ ಯೋಜನೆಯ ಡಿಡಿರೆಸ್ಕ್ಯೂ, ಅದನ್ನು ಬರೆದವರು ಆಂಟೋನಿಯೊ ಡಿಯಾಸ್ ಡಿಯಾಸ್. ಮಳೆ ಹನಿಯತೊಡಗಿದಾಗ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಎತ್ತುವವರು ಮೊದಲು ರಾಶಿಯನ್ನು ಬಾಚಿಕೊಂಡು, ಮೂಲೆ ಸಂದಿಗಳಲ್ಲಿ ಸೇರಿದ್ದನ್ನು ಆಮೇಲೆ ಹೆಕ್ಕುತ್ತಾರಲ್ಲ, ಡಿಡಿರೆಸ್ಕ್ಯೂವಿನ ಬುದ್ಧಿಯೂ ಅದೇ. ಸಾದಾ ನಕಲು ಮಾಡುವ ಯಾವ ಆದೇಶವೂ ಮೊದಲು ಸಿಕ್ಕ ಕೆಟ್ಟ ಸೆಕ್ಟರಿನ ಎದುರು ಮೊಂಡು ಹಿಡಿದು ಕೂರುತ್ತದೆ. ಆ ಹೊತ್ತಿನಲ್ಲಿ ಡಿಸ್ಕ್ ತಾನೂ ಒಳಗೊಳಗೇ ಮತ್ತೆ ಮತ್ತೆ ಓದಲು ಯತ್ನಿಸಿ ಬಿಸಿಯಾಗುತ್ತದೆ, ಮುಂದಿನ ಒಳ್ಳೆಯ ಜಾಗವನ್ನು ತಲುಪುವ ಮೊದಲೇ ಪ್ರಾಣ ಬಿಡಬಹುದು. ಡಿಡಿರೆಸ್ಕ್ಯೂ ತಡವರಿಸಿದ ಜಾಗವನ್ನು ಗುರುತು ಹಾಕಿ ಹಾರಿಹೋಗುತ್ತದೆ. ಸಲೀಸಾಗಿ ಸಿಗುವುದೆಲ್ಲ ಸಿಕ್ಕ ಮೇಲೆ ಬಿಟ್ಟ ಜಾಗಗಳಿಗೆ ಮರಳಿ, ಅವುಗಳ ಅಂಚುಗಳಿಂದ ಒಳಗೆ ಹೆರೆಯುತ್ತಾ ಬರುತ್ತದೆ. ಎಲ್ಲಿ ಸಿಕ್ಕಿತು, ಎಲ್ಲಿ ಸಿಗಲಿಲ್ಲ, ಎಲ್ಲಿ ಇನ್ನೂ ನೋಡಿಲ್ಲ ಎಂಬ ಲೆಕ್ಕವನ್ನೆಲ್ಲ ಮ್ಯಾಪ್ ಎಂಬ ಒಂದು ಚಿಕ್ಕ ಪಠ್ಯ ಕಡತದಲ್ಲಿ ಬರೆದಿಡುತ್ತದೆ. ಡಿಸ್ಕ್ ನಡುವೆ ಮಾಯವಾದರೂ, ಕರೆಂಟು ಹೋದರೂ, ಮರುದಿನ ಅದೇ ಕಡತವನ್ನು ಕೊಟ್ಟರೆ ನಿಲ್ಲಿಸಿದಲ್ಲಿಂದ ಶುರು. ನನ್ನ ಮಟ್ಟಿಗೆ ಈ ಇಡೀ ವಿದ್ಯೆಯ ತಿರುಳು ಆ ಮ್ಯಾಪ್ ಕಡತ. ಅದಿಲ್ಲದೆ ನಕಲು ಮಾಡುವುದು, ಎಲ್ಲಿ ಓದಿದೆವೆಂಬ ಗುರುತಿಲ್ಲದೆ ಡಿಸ್ಕಿನ ಉಳಿದ ಆಯುಸ್ಸನ್ನು ಪೋಲು ಮಾಡುವುದು.

ಸುಸ್ಥಿತಿಯ ಡಿಸ್ಕಿನಿಂದ ಸೆಕೆಂಡಿಗೆ 100 ಎಂಬಿಯಂತೆ ಓದಿದರೆ 1 ಟಿಬಿಗೆ ಮೂರು ಗಂಟೆ ಸಾಕು. ಮಾವನ ಡಿಸ್ಕ್ ಮೊದಲರ್ಧವನ್ನು ಹೆಚ್ಚುಕಡಿಮೆ ಆ ವೇಗದಲ್ಲೇ ಕೊಟ್ಟಿತು, ಆಮೇಲೆ ಕುಸಿಯಿತು. ಕೆಲವು ಕಡೆ ವೇಗ ಸೆಕೆಂಡಿಗೆ ಕೆಲವು ಕೆಬಿಗೆ ಇಳಿಯುತ್ತಿತ್ತು, ಕೆಲವೊಮ್ಮೆ ಡಿಸ್ಕ್ ಸದ್ದಿಲ್ಲದೆ ಪಟ್ಟಿಯಿಂದ ಜಾರಿಹೋಗುತ್ತಿತ್ತು. ವಿದ್ಯುತ್ ತಪ್ಪಿಸಿ, ತಣಿಯಲು ಬಿಟ್ಟು, ಟೇಬಲ್ ಫ್ಯಾನಿನ ಗಾಳಿಗಿಟ್ಟು ಮತ್ತೆ ಎಬ್ಬಿಸಬೇಕಾಗುತ್ತಿತ್ತು. ಒಮ್ಮೆ ತುದಿಯಿಂದ ಹಿಂದಕ್ಕೆ ಓದಲು ಹೇಳಿದಾಗ, ಮುಂದಿನಿಂದ ಹೋದಾಗ ಸಿಗದಿದ್ದ ದೊಡ್ಡ ಹರವೇ ಸಿಕ್ಕಿತು. ಹಿಮ್ಮುಖ ಓದು ಡಿಸ್ಕಿನ ‘ಮುಂದಿನದನ್ನೂ ಓದಿಟ್ಟುಕೊಳ್ಳೋಣ’ ಎಂಬ ಅಭ್ಯಾಸಕ್ಕೆ ತಡೆಯಾಗುವುದರಿಂದ ಹೀಗೆ ಆಗುವುದುಂಟು. ಮಾವ ದಿನಾ ಸಂಜೆ ಫೋನು ಮಾಡಿ “ಎಷ್ಟಾಯ್ತು?” ಎನ್ನುತ್ತಿದ್ದರು. ಶೇಕಡಾ ಲೆಕ್ಕ ಹೇಳುವುದು ಸುಲಭ. ಆದರೆ ಉಳಿದ ಆ ಅಲ್ಪ ಭಾಗದಲ್ಲಿ ವಿಂಡೋಸಿನದೇ ಕಡತಗಳಿವೆಯೋ ಅವರ ಕಲ್ಲುಗಳಿವೆಯೋ ಎಂದು ಶೇಕಡಾ ಹೇಳುವುದಿಲ್ಲ ಎಂಬುದನ್ನು ವಿವರಿಸುವುದು ಕಷ್ಟವಾಯಿತು.

(ಎಸ್‌ಎಸ್‌ಡಿಯಾಗಿದ್ದರೆ ಇಷ್ಟು ತಾಪತ್ರಯ ಇರುತ್ತಿರಲಿಲ್ಲವಲ್ಲ ಎಂದು ಕೇಳುವವರಿದ್ದಾರೆ. ತಾಪತ್ರಯ ಇರುತ್ತಿರಲಿಲ್ಲ ನಿಜ, ಏಕೆಂದರೆ ಮಾಡಲು ಏನೂ ಉಳಿದಿರುತ್ತಿರಲಿಲ್ಲ ಎನ್ನುವ ಸಂಭವವೇ ಹೆಚ್ಚು. ತಟ್ಟೆಯ ಡಿಸ್ಕ್ ತಡವರಿಸಿ, ನಿಧಾನವಾಗಿ, ಸದ್ದು ಮಾಡಿ ಸಾಯುತ್ತದೆ. ಎಸ್‌ಎಸ್‌ಡಿ ಬಹಳ ವೇಳೆ ನಿನ್ನೆಯವರೆಗೆ ಚೆನ್ನಾಗಿದ್ದು ಇಂದು ಪೂರ್ತಿ ಮೌನವಾಗುತ್ತದೆ. ಯಾವ ಮಾಹಿತಿ ಯಾವ ಚಿಪ್ಪಿನ ಯಾವ ಮೂಲೆಯಲ್ಲಿದೆ ಎಂಬ ನಕ್ಷೆ ಅದರ ನಿಯಂತ್ರಕದ ವಶದಲ್ಲಿರುತ್ತದೆ. ನಿಯಂತ್ರಕ ಹೋದರೆ ಚಿಪ್ಪುಗಳನ್ನು ಕಿತ್ತು ಓದಿದರೂ ಸಿಗುವುದು ಕಲಸಿದ ಅಂಕಿಗಳು. ಅಳಿಸಿದ ಕಡತವನ್ನು ಮರಳಿ ಪಡೆಯುವ ಆಸೆಯನ್ನಂತೂ ಟ್ರಿಮ್ ಎಂಬ ಆದೇಶ ಮುಗಿಸಿದೆ. ಅಳಿಸಿದ ಕೂಡಲೇ ಆ ಜಾಗ ಇನ್ನು ಬೇಡವೆಂಬ ಸುದ್ದಿ ಎಸ್‌ಎಸ್‌ಡಿಗೆ ತಲುಪಿರುತ್ತದೆ. ಇನ್ನು, ತಪ್ಪು ಲೋಹದಲ್ಲಿಯೇ ಇರಬೇಕೆಂದಿಲ್ಲ. ಸೀಗೇಟ್‌ನ ಬರಾಕುಡಾ 7200.11 ಎಂಬ ಡಿಸ್ಕುಗಳಲ್ಲಿ ಕೆಲವು 2009ರ ಸುಮಾರಿಗೆ ಫರ್ಮ್‌ವೇರ್ (ಡಿಸ್ಕಿನೊಳಗಿನ ತಂತ್ರಾಂಶ) ದೋಷದಿಂದ ಆನ್ ಮಾಡಿದಾಗಲೇ ಸಿಕ್ಕಿಬಿದ್ದು ಬಯೋಸ್‌ಗೆ ಕಾಣದಾದವು, ಒಳಗಿನ ಮಾಹಿತಿ ಹಾಗೆಯೇ ಇತ್ತು. 2019ರಲ್ಲಿ ಎಚ್‌ಪಿಇ ತನ್ನ ಸರ್ವರ್‌ಗಳ ಕೆಲವು ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ಮೇಲೆ ನಿಂತೇಹೋಗುತ್ತವೆ ಎಂದು ಎಚ್ಚರಿಸಿ ಹೊಸ ಫರ್ಮ್‌ವೇರ್ ಕೊಟ್ಟಿತು. ಆ ಸಂಖ್ಯೆ ಎರಡರ ಹದಿನೈದನೆಯ ಘಾತ; ತಪ್ಪು ಗಂಟೆಗಳನ್ನು ಎಣಿಸುವ ತಂತ್ರಾಂಶದಲ್ಲಿತ್ತೆಂದು ಊಹಿಸುವುದು ಕಷ್ಟವಲ್ಲ.)

ಕೆಟ್ಟಂತೆ ಕಾಣುವ ಕನ್ನಡ

ಡಿಸ್ಕ್ ಇನ್ನು ಕೊಡಲಾರದು ಎಂಬ ಹಂತ ಬಂದಾಗ ನಿಲ್ಲಿಸಿದೆ. ಪ್ರತಿಯನ್ನು ಓದಲು ಮಾತ್ರ ಎಂಬ ಷರತ್ತಿನಲ್ಲಿ ತೆರೆದಾಗ ಮಾವನ ಫೋಲ್ಡರುಗಳಲ್ಲಿ ಹೆಚ್ಚಿನವು ಹೆಸರಿನ ಸಮೇತ ಬಂದವು. ಕಡತಗಳ ದಾಖಲೆಯೇ ಕೆಟ್ಟ ಜಾಗಕ್ಕೆ ಬಿದ್ದಿದ್ದ ಒಂದು ಭಾಗ ಮಾತ್ರ ಕಾಣಲಿಲ್ಲ. ಅಲ್ಲಿಗೆ ಫೋಟೊರೆಕ್ ಎಂಬ ಸಲಕರಣೆ ಬೇಕಾಯಿತು. ಅದು ಹೆಸರು, ಫೋಲ್ಡರು ಯಾವುದನ್ನೂ ನೋಡದೆ, ಪ್ರತಿಯ ಉದ್ದಕ್ಕೂ ಸಾಗಿ, ಜೆಪೆಗ್ ಚಿತ್ರ ಹೀಗೆ ಶುರುವಾಗುತ್ತದೆ, ವರ್ಡ್ ಕಡತ ಹೀಗೆ ಶುರುವಾಗುತ್ತದೆ ಎಂಬ ಗುರುತುಗಳಿಂದ ಹೆಕ್ಕುತ್ತದೆ. ಸಿಕ್ಕವೆಲ್ಲ ಹೆಸರು ಕಳೆದುಕೊಂಡು ಬರಿಯ ಅಂಕಿಗಳಾಗಿ ಬರುತ್ತವೆ. ಫೋಟೊಗಳೊಳಗೆ ಕ್ಯಾಮೆರಾ ಬರೆದ ದಿನಾಂಕ ಉಳಿದಿತ್ತು. ದಿನಾಂಕದ ಪ್ರಕಾರ ಜೋಡಿಸಿ ಮಾವನ ಮುಂದಿಟ್ಟರೆ ಅವರು ಕಲ್ಲನ್ನು ನೋಡುವುದಕ್ಕಿಂತ ಹಿಂದಿನ ಬೇಲಿಯನ್ನೋ ಕೊಟ್ಟಿಗೆಯನ್ನೋ ನೋಡಿ ಊರಿನ ಹೆಸರು ಹೇಳುತ್ತಾ ಹೋದರು.

ಟಿಪ್ಪಣಿಗಳ ಕಥೆ ಬೇರೆ. ಅವನ್ನೆಲ್ಲ ಮಾವ ಟೈಪು ಮಾಡಿದ್ದು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ, ಯೂನಿಕೋಡಿಗೆ (ಪ್ರತಿ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಈಗಿನ ಪದ್ಧತಿಗೆ) ಮುಂಚಿನ ವಿಧಾನದಲ್ಲಿ. ಆ ವಿಧಾನದಲ್ಲಿ ಕಡತದೊಳಗೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಸಂಕೇತಗಳಿರುತ್ತವೆ, ನುಡಿಯ ಫಾಂಟು ಅವಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಫಾಂಟು ಇಲ್ಲದ ನನ್ನ ಲಿನಕ್ಸ್‌ನಲ್ಲಿ ‘ಕನ್ನಡ’ ಎಂಬ ಮೂರಕ್ಷರ ದೊಡ್ಡ ಪಿ, ತಲೆಯ ಮೇಲೆ ಓರೆ ಗೀಟಿರುವ ಎ, ಪೌಂಡಿನ ಚಿಹ್ನೆ ಎಂದೆಲ್ಲ ಸಾಲುಗಟ್ಟಿ ಕಾಣುತ್ತದೆ. ಡೇಟಾ ಉಳಿಸಿಕೊಡುವ ಕೆಲಸವನ್ನು ಕನ್ನಡ ಬಾರದವರು ಮಾಡುತ್ತಿದ್ದರೆ, ಅಥವಾ ಕನ್ನಡ ಬಂದೂ ನುಡಿ, ಬರಹ ತಂತ್ರಾಂಶಗಳ ಆ ಕಾಲವನ್ನು ಕಾಣದ ಹುಡುಗರು ಮಾಡುತ್ತಿದ್ದರೆ, ಇಂಥ ಕಡತವನ್ನು ತೆರೆದು ನೋಡಿ ‘ಕರಪ್ಟ್ ಆಗಿದೆ’ ಎಂದು ಬದಿಗಿಡುವುದು ಸಹಜ. ಕರ್ನಾಟಕದ ಶಾಲೆ, ಕಚೇರಿ, ಪತ್ರಿಕಾಲಯ, ಮುದ್ರಣಾಲಯಗಳ ಹಳೆಯ ಡಿಸ್ಕುಗಳಲ್ಲಿ ಹೀಗೆ ಕೆಟ್ಟದ್ದೆಂದು ಕಸಕ್ಕೆ ಹೋದ ಒಳ್ಳೆಯ ಕಡತಗಳು ಎಷ್ಟಿವೆಯೋ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಹೆಸರು ಕಳೆದುಕೊಂಡ ರಾಶಿಯಲ್ಲಿ ಹುಡುಕುವಾಗಲೂ ಇದೇ ಪಾಡು. ‘ವೀರಗಲ್ಲು’ ಎಂದು ಕನ್ನಡದಲ್ಲಿ ಹುಡುಕಿದರೆ ಒಂದೂ ಸಿಗದು. ಆ ಪದವನ್ನು ನುಡಿಯಲ್ಲಿ ಟೈಪು ಮಾಡಿ, ಬರುವ ವಿಚಿತ್ರ ಚಿಹ್ನೆಗಳ ಸರಣಿಯನ್ನೇ ನಕಲು ಮಾಡಿಕೊಂಡು ಹುಡುಕಬೇಕು. ಹಾಗೆ ಹುಡುಕಿದಾಗ ಸಿಕ್ಕವು ಒಂದೆರಡಲ್ಲ. ಆಮೇಲೆ ಯೂನಿಕೋಡಿಗೆ ಪರಿವರ್ತಿಸಿದೆ. ಅರ್ಕಾವೊತ್ತು ಇರುವ ಪದಗಳಲ್ಲಿ ಅಲ್ಲಲ್ಲಿ ಅಕ್ಷರ ಹಿಂದುಮುಂದಾಯಿತು. ನುಡಿಯ ಹಳೆಯ ವಿಧಾನದಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು ಬರಬೇಕು. ಅವನ್ನು ಮಾವ ಓದುತ್ತಾ ಕೆಂಪು ಪೆನ್ನಿನಲ್ಲಿ ತಿದ್ದಿದರು, ಉತ್ತರ ಪತ್ರಿಕೆ ತಿದ್ದುವ ಶಿಸ್ತಿನಲ್ಲಿಯೇ.

ನಿಜವಾಗಿ ಕೆಟ್ಟ ಕಡತಗಳನ್ನು ಕಂಡುಹಿಡಿಯಲು ಡಿಡಿರೆಸ್ಕ್ಯೂವಿನಲ್ಲೇ ಒಂದು ಜಾಣ ಉಪಾಯವಿದೆ. ಪ್ರತಿಯ ಇನ್ನೊಂದು ಪ್ರತಿ ಮಾಡಿಕೊಂಡು, ಮ್ಯಾಪ್ ಕಡತದಲ್ಲಿ ‘ಸಿಗಲಿಲ್ಲ’ ಎಂದು ಗುರುತಾದ ಜಾಗಗಳಲ್ಲೆಲ್ಲ ಬೇರೆಲ್ಲೂ ಬರಲಾರದ ಒಂದು ಪದವನ್ನು ತುಂಬಿಸಬಹುದು. ಬಳಿಕ ಯಾವ ಯಾವ ಕಡತದೊಳಗೆ ಆ ಪದವಿದೆ ಎಂದು ಹುಡುಕಿದರೆ, ತೂತು ಬಿದ್ದ ಕಡತಗಳ ಪಟ್ಟಿ ಕೈಗೆ ಬರುತ್ತದೆ. ಇದನ್ನು ಮಾಡದೆ ‘ಎಲ್ಲ ಸಿಕ್ಕಿತು’ ಎಂದು ಡಿಸ್ಕ್ ವಾಪಸು ಕೊಡುವವರ ಬಗ್ಗೆ ನನಗೆ ತಕರಾರಿದೆ. ಚಿತ್ರದ ಹೆಸರು, ಅಳತೆ ಸರಿಯಿದ್ದು, ತೆರೆದಾಗ ಅರ್ಧದಿಂದ ಕೆಳಗೆ ಬೂದು ಬಣ್ಣವಿದ್ದರೆ, ಅದು ತಿಳಿಯುವುದು ವರ್ಷಗಳ ಮೇಲೆ, ಮೂಲ ಡಿಸ್ಕ್ ಗುಜರಿಗೆ ಹೋದ ಮೇಲೆ.

ಮಾವನ ಮುಂದೆ ಅಂಥ ಪಟ್ಟಿಯನ್ನು ಮುದ್ರಿಸಿ ಇಟ್ಟೆ. ಬಹುತೇಕ ವಿಂಡೋಸಿನ ಕಡತಗಳು, ಒಂದಷ್ಟು ಹಾಡುಗಳು, ಯಾವುದೋ ಮದುವೆಯ ವೀಡಿಯೊ, ಮತ್ತೆ ಒಂದು ಪುಟದಷ್ಟು ಕಲ್ಲಿನ ಫೋಟೊಗಳು. ಇನ್ನೂ ಬೇಕೆಂದರೆ ಡಿಸ್ಕನ್ನು ಸ್ವಚ್ಛ ಕೊಠಡಿ ಇರುವ ಲ್ಯಾಬಿಗೆ ಕಳಿಸಬೇಕು, ಅಲ್ಲಿ ಅದೇ ಮಾದರಿಯ ಡಿಸ್ಕಿನಿಂದ ತಲೆಗಳನ್ನು ತೆಗೆದು ಇದಕ್ಕೆ ಹಾಕಿ ಓದಲು ನೋಡುತ್ತಾರೆ, ಖರ್ಚು ಹೊಸ ಲ್ಯಾಪ್‌ಟಾಪಿನ ಬೆಲೆಯನ್ನು ಮುಟ್ಟಬಹುದು, ಸಿಗುತ್ತದೆಂಬ ಖಾತ್ರಿಯೂ ಇಲ್ಲ ಎಂದು ಹೇಳಿದೆ. ಮಾವ ಹಾಡು, ಮದುವೆ ಎಲ್ಲವನ್ನೂ ಹೊಡೆದು ಹಾಕಿದರು. ಕಲ್ಲುಗಳ ಪುಟವನ್ನು ಮಾತ್ರ ಬಹಳ ಹೊತ್ತು ಓದಿದರು. “ಇದು ಅಲ್ಲೇ ಇದೆ. ಇದೂ ಇದೆ, ಮಳೆ ನಿಂತ ಮೇಲೆ ಹೋಗಿ ಮತ್ತೆ ತೆಗೆದರಾಯ್ತು. ಈ ಎರಡು ಮಾತ್ರ ರಸ್ತೆ ಮಾಡುವಾಗ ಹೋದವು” ಎಂದು ಅವಕ್ಕೆ ಸುತ್ತು ಹಾಕಿದರು. ಆಮೇಲೆ, “ಅಲ್ಲ ಮಾರಾಯ, ಲ್ಯಾಬಿನವರಿಗೆ ಬರೀ ಈ ಎರಡೇ ಸಾಕು ಅಂತ ಹೇಳೋಕಾಗುತ್ತಾ?” ಎಂದು ಕೇಳಿದರು.

ಆಗುತ್ತದೆ. ಆ ಎರಡು ಚಿತ್ರಗಳು ಡಿಸ್ಕಿನ ಯಾವ ಸೆಕ್ಟರಿನಿಂದ ಯಾವ ಸೆಕ್ಟರಿನವರೆಗೆ ಇವೆ ಎನ್ನುವುದು ಕಡತ ವ್ಯವಸ್ಥೆಯ ದಾಖಲೆಯಿಂದ ತಿಳಿಯುತ್ತದೆ, ಅದರಲ್ಲಿ ಎಷ್ಟು ಭಾಗ ಓದಿಲ್ಲ ಎನ್ನುವುದು ಮ್ಯಾಪ್ ಕಡತದಲ್ಲಿದೆ. ಎರಡನ್ನೂ ಒಂದು ಹಾಳೆಯಲ್ಲಿ ಬರೆದು, ಮ್ಯಾಪ್ ಕಡತವಿರುವ ಪೆನ್‌ಡ್ರೈವಿನ ಜೊತೆ ಡಿಸ್ಕಿನ ಪೊಟ್ಟಣದಲ್ಲಿ ಇಟ್ಟಿದ್ದೇನೆ. ಲ್ಯಾಬಿನವರು ತಪಾಸಣೆ ಮಾಡಿ ಹೇಳುವ ಮೊತ್ತ ತಿಳಿದ ಮೇಲೆ ಮುಂದುವರಿಯಬೇಕೋ ಬೇಡವೋ ಎಂದು ಮಾವ ತೀರ್ಮಾನಿಸುತ್ತಾರೆ; ಅಲ್ಲಿಯವರೆಗೆ ಡಿಸ್ಕಿಗೆ ವಿದ್ಯುತ್ ಕೊಡಬೇಡಿ ಎಂದು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೇನೆ.